ಸ್ಪ್ರಿಂಗಿಗೆ ಜ್ವರ, ಶಾಕಿಗೆ ಬರೆ

ಹಳೇ ಕಾರು ನಿಂತಲ್ಲೆಲ್ಲ ಒಬ್ಬ ಪಂಡಿತ ಪ್ರತ್ಯಕ್ಷನಾಗುತ್ತಾನೆ. ಬಾನೆಟ್ಟಿನ ಮೇಲೆ ಅಂಗೈ ಊರಿ, ಒಮ್ಮೆ ಅದುಮಿ, ತೀರ್ಪು ಕೊಡುತ್ತಾನೆ: ‘ಶಾಕ್ ಹೋಗಿದೆ.’ ಮೂಗು ತಗ್ಗಿದ ಕಾರಿಗೂ ಅದೇ ತೀರ್ಪು, ಕಟಕಟ ಅನ್ನುವ ಕಾರಿಗೂ ಅದೇ. ನಾಡಿ ಹಿಡಿಯುವ ವೈದ್ಯನಾದರೂ ಮೂರು ಬೆರಳಿಟ್ಟು ತುಸು ಹೊತ್ತು ಸುಮ್ಮನಿರುತ್ತಾನೆ. ಈ ಶಾಸ್ತ್ರಕ್ಕೆ ಅಷ್ಟು ವ್ಯವಧಾನವಿಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗು. ಅದರ ಕುಣಿತ ಅಡಗಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಒಳಗಿನ ಎಣ್ಣೆ ಸಣ್ಣ ವಾಲ್ವುಗಳಲ್ಲಿ ನುಗ್ಗಿ ಹೋಗುವಾಗ ಕುಲುಕಾಟವೆಲ್ಲ ಬಿಸಿಯಾಗಿ ಮುಗಿಯುತ್ತದೆ. ಕುಸಿದ ಮೂಲೆಯನ್ನು ಹೊಸ ಶಾಕ್ ಹಾಕಿ ಎತ್ತುತ್ತೇನೆ ಅನ್ನುವುದು, ತೊಟ್ಟಿಲ ಹಗ್ಗ ಜಗ್ಗಿದ್ದಕ್ಕೆ ತೂಗುವವರನ್ನು ಬದಲಾಯಿಸಿದ ಹಾಗೆ.

ಅಂಗೈ ಪರೀಕ್ಷೆ ಪೂರಾ ಸುಳ್ಳೇನಲ್ಲ. ಅದುಮಿ ಬಿಟ್ಟಾಗ ಮೈ ಮೇಲೆದ್ದು ಅಲ್ಲೇ ನಿಲ್ಲಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಸತ್ತಿದ್ದು ನಿಜ. ಆದರೆ ತೂಗಲಿಲ್ಲ ಅಂದಮಾತ್ರಕ್ಕೆ ಬದುಕಿದೆ ಅಂತಲ್ಲ. ಅಂಗೈ ನಿಧಾನ, ರಸ್ತೆಯ ಏಟು ಚುರುಕು. ಮೇಲಾಗಿ ಹಳೇ ಕಾರಿನಲ್ಲಿ ಕೀಲುಗಳೊಳಗಿನ, ತುಕ್ಕು ತಿಂದ ಲೋಹ-ರಬ್ಬರಿನ ಬುಷ್‌ಗಳೇ ಬಿಗಿಯಾಗಿ ಕಚ್ಚಿ ಕುಣಿತ ನಿಲ್ಲಿಸಿರುತ್ತವೆ. ದುಡಿದದ್ದು ತುಕ್ಕು, ಪಾಸಾದದ್ದು ಶಾಕ್.

ಪಂಡಿತರ ಜೇಬಿನಲ್ಲಿ ಎಂದೂ ಇರದ ಸಾಧನ ಅಳತೆಯ ಟೇಪು. ಮಟ್ಟವಾದ ನೆಲದಲ್ಲಿ ಕಾರು ನಿಲ್ಲಿಸಿ, ಡಿಕ್ಕಿಯ ಸಾಮಾನು ಇಳಿಸಿ, ನಾಲ್ಕೂ ಟೈರಿನ ಗಾಳಿ ಸರಿಮಾಡಿ. ಈಗಷ್ಟೇ ಜಾಕಿನಿಂದ ಇಳಿದ ಕಾರು ಕಾಲು ಮಡಚಿರುವುದಿಲ್ಲ, ಸುಳ್ಳೇ ಎತ್ತರ ತೋರಿಸುತ್ತದೆ. ನಾಲ್ಕಾರು ಮೀಟರ್ ಹಿಂದೆ ಮುಂದೆ ಉರುಳಿಸಿ ಕೂರಿಸಬೇಕು. ಆಮೇಲೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸೊರಗೂ ಸ್ಪ್ರಿಂಗಿನ ಖಾತೆಗೆ ಬೀಳುತ್ತದೆ. ಎಡಬಲಕ್ಕೆ 10 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟಾರ್ಚ್ ಹಿಡಿದು ಬಗ್ಗಿ. ಎರಡೂ ಒಂದೇ ಸಮ ಕುಸಿದಿದ್ದರೆ ಕಾರಿನ ಸರ್ವಿಸ್ ಪುಸ್ತಕದ ಅಂಕಿಯೇ ಗತಿ.

ಟಾರ್ಚಿಗೆ ಕೆಲಸ ಬಹಳ ಇದೆ. ಸ್ಪ್ರಿಂಗಿನ ಕೊನೇ ಸುತ್ತು ಕೂರುವ ತಟ್ಟೆಯಲ್ಲಿ ಕೆಸರು, ನೀರು ನಿಂತು ತುಕ್ಕು ಹಿಡಿದು, ಕಂಬಿ ಅಲ್ಲೇ ಮುರಿಯುವುದು ಹೆಚ್ಚು. ಕೆಸರು ಕೆರೆಯದೆ ಕಾಣದು. ಸ್ಟೇರಿಂಗ್ ತಿರುಗಿಸಿದಾಗ ‘ಠಣ್’ ಅಂದರೆ ಅಲ್ಲೂ ನೋಡಿ, ಕಾರಿನ ಮೈಗೆ ಕೂಡಿಸುವ ಮೇಲಿನ ಮೌಂಟಿನ ಬೇರಿಂಗನ್ನೂ ನೋಡಿ. ಸುತ್ತುಗಳು ಒಂದಕ್ಕೊಂದು ಬಡಿದು ಹೊಳೆಯುವ ಕಲೆ, ಸ್ಪ್ರಿಂಗು ಪೂರಾ ಅದುಮಿದಾಗ ಏಟು ತಡೆಯುವ ಬಂಪ್ ಸ್ಟಾಪ್ ರಬ್ಬರು ಪುಡಿಯಾದದ್ದು ಕಂಡರೆ ಸ್ಪ್ರಿಂಗ್ ಸೋತಿದೆ ಅನ್ನಲು ಸಾಕಷ್ಟು ಸಾಕ್ಷಿ.

ಶಾಕಿನ ಸೀಲಿನ ಬಳಿ ತೆಳ್ಳಗೆ ಎಣ್ಣೆಯ ಮಬ್ಬಿದ್ದರೆ ಅಪರಾಧವಲ್ಲ. ಬುಡದವರೆಗೆ ಒದ್ದೆಯಾಗಿ ಧೂಳು ಗಟ್ಟಿಕಟ್ಟಿದ್ದರೆ ಮಾತ್ರ ಸೋರಿಕೆ. ಇದನ್ನು ಬಟ್ಟೆಯಲ್ಲಿ ಒರೆಸಿ ‘ನೋಡಿ, ಲೀಕೇ ಇಲ್ಲ’ ಅನ್ನುವ ಪವಾಡವೂ ಚಾಲ್ತಿಯಲ್ಲಿದೆ. ಒರೆಸಬೇಕಾದ್ದೇ, ನೋಡಬೇಕಾದ್ದು ವಾರ ಓಡಿಸಿದ ಮೇಲೆ. ಅಂಗೈಗೆ ಅಷ್ಟೊಂದು ಆಸೆಯಿದ್ದರೆ ಟೈರಿನ ಮೇಲೆ ಸವರಲಿ: ಅಲ್ಲಲ್ಲಿ ಬಟ್ಟಲಿನಂಥ ತಗ್ಗು ಸಿಕ್ಕರೆ ಶಾಕ್ ಮೇಲೆ ಅನುಮಾನಪಡಬಹುದು. ಕೈ ಕಪ್ಪಾಗುತ್ತದೆ, ಅದಕ್ಕೇ ಈ ಪರೀಕ್ಷೆಗೆ ಜನವಿಲ್ಲ.

ಇನ್ನು ಕಟಕಟ ಸದ್ದಿನ ಕಳ್ಳ ಎಷ್ಟೋ ಸಲ, ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಬಾರಿನ ಪುಟ್ಟ ಲಿಂಕು. ಅದರ ಬಾಲ್ ಜಾಯಿಂಟನ್ನು ಕೈಯಲ್ಲಿ ಅಲುಗಿಸಿದರೆ ತಪ್ಪೊಪ್ಪಿಕೊಳ್ಳುತ್ತದೆ.

ಕುಸಿತಕ್ಕೆ ಅಗ್ಗದ ಮದ್ದೂ ಉಂಟು: ಸುತ್ತುಗಳ ನಡುವೆ ತುರುಕುವ ರಬ್ಬರು ಬಿಲ್ಲೆ. ಕಾರು ಏಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಲ್ಲಿಗೆ ಆ ಸುತ್ತಿನ ಕೆಲಸ ನಿಂತು, ಮೊದಲೇ ದಣಿದ ಉಳಿದ ಸುತ್ತುಗಳು ಅದರ ಪಾಲನ್ನೂ ದುಡಿಯುತ್ತವೆ.

ಅಂತೂ ಕೊನೆಗೆ ಹೊಸ ಶಾಕ್ ಬರುತ್ತದೆ. ಜೋಡಿ ಬರಬೇಕಿತ್ತು, ಒಂದೇ ಬರುತ್ತದೆ. ನಟ್ಟು ಬಿಗಿಯುವಾಗ ಶಾಕಿನ ರಾಡು ತಿರುಗದಿರಲೆಂದು ಇಕ್ಕಳದಲ್ಲಿ ಕಚ್ಚುತ್ತಾರೆ; ಆ ಗೀರು ಮೇಲೆ ಕೆಳಗೆ ಓಡಾಡುತ್ತ ಸೀಲು ಹರಿಯುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಬುಷ್‌ನ ಬೋಲ್ಟ್ ಬಿಗಿಯುತ್ತಾರೆ. ಕಾರು ಇಳಿದಾಗ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಅಲೈನ್‌ಮೆಂಟಿನ ನೆನಪು ಯಾರಿಗೂ ಆಗುವುದಿಲ್ಲ. ಕೆಲವು ತಿಂಗಳಿಗೆ ಅದೇ ಕಟಕಟ, ಅದೇ ಮೂಗು ತಗ್ಗಿದ ಕಾರು, ಬಾನೆಟ್ಟಿನ ಮೇಲೆ ಅದೇ ಅಂಗೈ.