ಡಾಕ್ಟರ್ ಆಗೋಕೆ ಬಯಾಲಜಿಯನ್ನೇ ಓದಬೇಕಾ?

ಹೋದ ಭಾನುವಾರ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಮೇಜಿನ ಮೇಲೆ ಬಿಸಿಬೇಳೆಬಾತ್ ಆರಿಹೋಗುತ್ತಿತ್ತು, ಭಾವ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಅದರಲ್ಲಿ 20 ಕಾಲೇಜುಗಳ ಪಟ್ಟಿ. ಪ್ರತಿಯೊಂದರ ಎದುರು ಮಗಳಿಗೆ ಸೀಟು ಸಿಗುವ ಚಾನ್ಸ್ ಎಷ್ಟು ಅಂತ ಶೇಕಡಾ ಲೆಕ್ಕ. ಮೇಜರ್, ಅಂದರೆ ಡಿಗ್ರಿಯಲ್ಲಿ ಮುಖ್ಯವಾಗಿ ಓದುವ ವಿಷಯ, ಅನ್ನೋ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಪದ: ಬಯಾಲಜಿ.

ಹುಡುಗಿ ಈಗ 12ನೇ ಕ್ಲಾಸು. ಡಾಕ್ಟರ್ ಆಗಬೇಕು ಅನ್ನೋದು ಅವಳದೇ ಆಸೆ, ಯಾರೂ ಹೇರಿದ್ದಲ್ಲ. ಆದರೆ ಓದಬೇಕು ಅಂತ ಮನಸ್ಸಿರೋದು ಭಾಷಾವಿಜ್ಞಾನ. ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು, "ಚಿಕ್ಕಮ್ಮ, ಲಿಂಗ್ವಿಸ್ಟಿಕ್ಸ್ ತಗೊಂಡ್ರೆ ಮೆಡಿಕಲ್ ಸಿಗಲ್ವಾ?"

ಸಿಗುತ್ತೆ ಪುಟ್ಟಿ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಎಷ್ಟೋ ಮನೆಗಳಲ್ಲಿ ಈಗ ಇದೇ ಮಾತು ನಡೀತಿದೆ, ಅಲ್ವಾ?

ನಾವು ಬೆಳೆದ ರೀತಿ ಬೇರೆ. ಪಿಯುಸಿಯಲ್ಲಿ ಪಿಸಿಎಂಬಿ, ಆಮೇಲೆ ಸಿಇಟಿ. ರ‍್ಯಾಂಕ್ ಬಂದರೆ ಸೀಟು, ಇಲ್ಲದಿದ್ದರೆ ಇಲ್ಲ. ಭಾವ ಹಾಗೆ ಬರೆದು ಬಂದವರು. ಅಮೆರಿಕದಲ್ಲಿ ಮೆಡಿಕಲ್ ಶುರುವಾಗೋದೇ ನಾಲ್ಕು ವರ್ಷದ ಡಿಗ್ರಿ ಮುಗಿದ ಮೇಲೆ. ಹೆಚ್ಚಿನ ಕಾಲೇಜುಗಳಲ್ಲಿ ಪ್ರೀಮೆಡ್ (ಮೆಡಿಕಲ್ಲಿಗೆ ತಯಾರಿ) ಅನ್ನೋ ಮೇಜರೇ ಇಲ್ಲ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ, ಜೊತೆಗೆ ಲ್ಯಾಬು. ಮುಖ್ಯವಾಗಿ ಇಷ್ಟು ಕೋರ್ಸು ಮುಗಿಸಿ, ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬರೆದರೆ ಹೆಚ್ಚಿನ ಕಡೆ ಅರ್ಜಿ ಹಾಕಬಹುದು. ಉಳಿದಂತೆ ಇತಿಹಾಸ ಓದಿ, ಸಂಗೀತ ಓದಿ, ತೊಂದರೆ ಇಲ್ಲ. ಮೆಡಿಕಲ್ ಕಾಲೇಜುಗಳ ಒಕ್ಕೂಟ ಎಎಎಂಸಿ ವರ್ಷಾ ವರ್ಷಾ ಅಂಕಿಅಂಶ ಹಾಕುತ್ತೆ. ಅದರಲ್ಲಿ ಸಾಹಿತ್ಯ, ಇತಿಹಾಸ ಓದಿ ಬಂದವರಿಗೆ ಸೀಟು ಸಿಗುವ ಪ್ರಮಾಣ ಬಯಾಲಜಿಯವರಿಗಿಂತ ಕಡಿಮೆ ಏನಿಲ್ಲ. ಹೈಸ್ಕೂಲಿಂದ ನೇರವಾಗಿ ತೆಗೆದುಕೊಳ್ಳುವ ಬ್ರೌನ್ ವಿಶ್ವವಿದ್ಯಾಲಯದ 8 ವರ್ಷದ ಕಾರ್ಯಕ್ರಮದಲ್ಲೂ ಮೇಜರ್ ಮಕ್ಕಳ ಇಷ್ಟ.

ಇದೆಲ್ಲ ನನಗೆ ತಡವಾಗಿ ಗೊತ್ತಾಯಿತು. ನನ್ನ ಮಗನಿಗೆ ಇತಿಹಾಸ ಅಂದ್ರೆ ಪ್ರಾಣ. "ಅದನ್ನ ಬಿಡುವಿದ್ದಾಗ ಓದ್ಕೋ, ಬಯಾಲಜಿ ತಗೋ" ಅಂತ ಕೂರಿಸಿದವಳು ನಾನೇ. ಆರ್ಗ್ಯಾನಿಕ್ ಕೆಮಿಸ್ಟ್ರಿ ಹೇಗಿದ್ದರೂ ಓದಲೇಬೇಕಿತ್ತು, ಅದು ಸರಿ. ಅದರ ಮೇಲೆ ಮನಸ್ಸಿಲ್ಲದ ಬಯಾಲಜಿ ಕೋರ್ಸುಗಳು ಒಂದರ ಹಿಂದೆ ಒಂದು ಬಂದವು. ಜಿಪಿಎ, ಅಂದರೆ ಡಿಗ್ರಿ ಅಂಕಗಳ ಸರಾಸರಿ, 4ಕ್ಕೆ 3.4ರಲ್ಲಿ ನಿಂತಿತು. 2023ರಲ್ಲಿ ಮೆಡಿಕಲ್ ಸೇರಿದವರ ಸರಾಸರಿ 3.77, ಎಂಕ್ಯಾಟ್ ಸರಾಸರಿ 528ಕ್ಕೆ 511.7. ಆ ಸಲ ಅರ್ಜಿ ಹಾಕಿದವರು 52 ಸಾವಿರಕ್ಕಿಂತ ಜಾಸ್ತಿ, ಸೇರಿದವರು ಸುಮಾರು 23 ಸಾವಿರ. ಮಗ ಎರಡು ವರ್ಷ ಕೆಲಸ ಮಾಡಿ, ಇನ್ನಷ್ಟು ಕೋರ್ಸು ಓದಿ, ಆಮೇಲೆ ಸೇರಿದ. ಒಂದು ಮಾತೂ ಆಡಿಲ್ಲ ಅವನು. ಅದೇ ನನ್ನನ್ನ ಜಾಸ್ತಿ ಕಾಡುತ್ತೆ.

ಅಕ್ಕನ ಮಗಳ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದೆ ಅಕ್ಕನ ಅತ್ತೆಗೆ ಪಾರ್ಶ್ವವಾಯು ಆಯಿತು. ಕೈಕಾಲು ಸುಮಾರಾಗಿ ಬಂತು, ಮಾತು ಬರಲಿಲ್ಲ. ಚಮಚ ತೋರಿಸಿದರೆ "ಅದು... ಸಾರಿಂದು" ಅನ್ನುತ್ತಿದ್ದರು. ಥೆರಪಿ ಮಾಡುವವರಿಗೆ ಕನ್ನಡ ಬರುತ್ತಿರಲಿಲ್ಲ. ಈ ಹುಡುಗಿ ಒಂದು ನೋಟ್‌ಬುಕ್ ಮಾಡಿದಳು. ಎಡಗಡೆ ಅಜ್ಜಿಗೆ ಸಿಗದ ಪದ, ಬಲಗಡೆ ಅಜ್ಜಿ ಆಡಿದ ಮಾತು, ತಾರೀಖು. ನಾನು ತೆರೆದು ನೋಡಿದೆ. ಮೊದಲ ಪುಟದಲ್ಲಿ ಚಮಚ, ಬಾಚಣಿಗೆ, ಕಿಟಕಿ. ನಾಲ್ಕು ತಿಂಗಳಾದ ಮೇಲಿನ ಪುಟದಲ್ಲಿ ಚಮಚದ ಎದುರು "ಚಂಚ" ಅಂತಿದೆ, ಸುತ್ತ ಕೆಂಪು ಪೆನ್ನಿನ ಗೀಟು.

ಭಾವನ ಪಟ್ಟಿಯಲ್ಲಿ ಆಸ್ಪತ್ರೆಯಲ್ಲಿ ಸ್ವಯಂಸೇವೆ 120 ಗಂಟೆ ಅಂತ ಇತ್ತು. ನೋಟ್‌ಬುಕ್ ಇರಲೇ ಇಲ್ಲ. "ಅದು ಮನೇದು ಅಲ್ವಾ" ಅಂದರು. ಈ ಹುಡುಗಿ ಯಾಕೆ ಡಾಕ್ಟರ್ ಆಗಬೇಕು, ಯಾಕೆ ಭಾಷೆ ಓದಬೇಕು, ಎರಡಕ್ಕೂ ಉತ್ತರ ಅದರಲ್ಲೇ ಇದೆ ಭಾವ, ಅಂದೆ. ಚಾನ್ಸ್ ಎಷ್ಟು ಅಂತ ಮನೆಯಲ್ಲಿ ಕೂತು ಯಾರೂ ಹೇಳೋಕಾಗಲ್ಲ. ನೂರಕ್ಕೆ ಐದಾರು ಜನರನ್ನಷ್ಟೇ ತೆಗೆದುಕೊಳ್ಳುವ ಕಾಲೇಜುಗಳಲ್ಲಂತೂ ಆಗೋದೇ ಇಲ್ಲ.

ದುಡ್ಡಿನ ಮಾತನ್ನೂ ಆಡಿದೆವು. 2026ರ ಜುಲೈ 1ರಿಂದ ಹೊಸದಾಗಿ ಮೆಡಿಕಲ್ ಸೇರುವವರಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಅಂತ ಮಿತಿ. ಹಾಗಾಗಿ ಡಿಗ್ರಿಗೇ ಕೂಡಿಟ್ಟದ್ದನ್ನೆಲ್ಲ ಸುರಿಯೋದು ಬೇಡ. ರಾಜ್ಯದ ವಿಶ್ವವಿದ್ಯಾಲಯವನ್ನ ಪಟ್ಟಿಯ ಕೊನೆಗೆ ತಳ್ಳಬೇಡಿ ಅಂದೆ.

ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆಪ್‌ನಲ್ಲಿ ಒಂದು ಚಟುವಟಿಕೆಯ ವಿವರಕ್ಕೆ 150 ಅಕ್ಷರ ಮಾತ್ರ. ಅಜ್ಜಿಯ ನೋಟ್‌ಬುಕ್ಕನ್ನ ಅಷ್ಟರಲ್ಲಿ ಹಿಡಿಸೋಕೆ ಹುಡುಗಿಗೆ ಅರ್ಧ ಗಂಟೆ ಹಿಡಿಯಿತು. ನಿನ್ನೆ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಭಾವ ಆರು ಕಡೆ ಬಯಾಲಜಿ ಅಳಿಸಿದ್ದಾರಂತೆ. ಇನ್ನೂ ಹದಿನಾಲ್ಕು ಇವೆ. ನವೆಂಬರ್ 1ಕ್ಕೆ ಮೊದಲ ಗಡುವು, ಶನಿವಾರ ಮತ್ತೆ ಹೋಗುತ್ತೇನೆ.