ಹತ್ತು ಸಾವಿರದ ಸಭೆಗೊಂದು ಹಾರ ತುರಾಯಿ

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2025ರ ಸೆಪ್ಟೆಂಬರ್ 18ರಂದು ತನ್ನ 10,000ನೇ ಸಭೆ ನಡೆಸಿತು. ಮೊದಲನೆಯದು ನಡೆದದ್ದು 1946ರ ಜನವರಿಯಲ್ಲಿ, ಲಂಡನ್ನಿನಲ್ಲಿ. ಹತ್ತು ಸಾವಿರ ಸಲ ಕುರ್ಚಿ ಎಳೆದುಕೊಂಡು ಕೂರುವುದು ಹುಡುಗಾಟವಲ್ಲ. ಯಾರಾದರೂ ಒಂದು ಹಾರ ತುರಾಯಿಯ ವ್ಯವಸ್ಥೆಯನ್ನಾದರೂ ಮಾಡಬೇಕಿತ್ತು.

ಅಂದಿನ ವಿಷಯ ಗಾಜಾ. ಕದನವಿರಾಮವಾಗಲಿ, ಒತ್ತೆಯಾಳುಗಳು ಮನೆಗೆ ಮರಳಲಿ, ಹಸಿದವರ ಬಾಯಿಗೆ ಅನ್ನ ಬೀಳಲಿ ಎಂಬ ನಿರ್ಣಯ. ಪರವಾಗಿ 14 ಮತ, ವಿರುದ್ಧ 1. ನಿರ್ಣಯ ಬಿದ್ದುಹೋಯಿತು. ಗಾಜಾ ವಿಷಯದಲ್ಲಿ ಅಮೆರಿಕ ಹೀಗೆ ವಿಟೊ, ಅಂದರೆ ಐದು ಕಾಯಂ ಸದಸ್ಯರಿಗಷ್ಟೇ ಇರುವ ತಡೆಮತ, ಚಲಾಯಿಸಿದ್ದು ಆರನೆಯ ಸಲ. ಹದಿನಾಲ್ಕಕ್ಕಿಂತ ಒಂದು ದೊಡ್ಡದು ಎಂಬ ಗಣಿತಕ್ಕೆ ಜಗತ್ತು ತಲೆಯಾಡಿಸಿ ಎಂಬತ್ತು ವರ್ಷವಾಗಿರುವುದರಿಂದ ಯಾರೂ ಮೂರ್ಛೆ ಹೋಗಲಿಲ್ಲ.

ಅಕ್ಟೋಬರ್ ಬಂತು, ತಿಂಗಳ ಸರದಿಯಂತೆ ಮಂಡಳಿಯ ಅಧ್ಯಕ್ಷ ಪೀಠ ರಷ್ಯಾದ್ದಾಯಿತು. ಈ ಸರದಿಯ ಸೊಗಸನ್ನು 2022ರ ಫೆಬ್ರುವರಿಯಲ್ಲಿ ನೋಡಬೇಕಿತ್ತು. ಆಗಲೂ ಪೀಠ ರಷ್ಯಾದ್ದೇ. 23ರ ರಾತ್ರಿ ನ್ಯೂಯಾರ್ಕಿನಲ್ಲಿ ಎಲ್ಲರೂ ಒಬ್ಬರಾದ ಮೇಲೊಬ್ಬರು ಸಂಯಮದ ಕರೆ ಕೊಡುತ್ತಿರುವಾಗಲೇ ಪುಟಿನ್ ಟಿ.ವಿ.ಯಲ್ಲಿ ಕಾಣಿಸಿಕೊಂಡು ‘ವಿಶೇಷ ಸೇನಾ ಕಾರ್ಯಾಚರಣೆ’ ಘೋಷಿಸಿದರು. ನಿಮ್ಮ ಬಳಿ ಮೊಬೈಲ್ ಇದೆಯಲ್ಲ, ಈಗಲೇ ನಿಮ್ಮ ವಿದೇಶಾಂಗ ಸಚಿವರಿಗೆ ಕರೆ ಮಾಡಿ ಎಂದು ಉಕ್ರೇನಿನ ರಾಯಭಾರಿ ಪೀಠದತ್ತ ತಿರುಗಿ ಕೇಳಿದರು. ಪೀಠದಲ್ಲಿದ್ದ ರಷ್ಯಾದ ರಾಯಭಾರಿ ವಸಿಲಿ ನೆಬೆಂಜ್ಯಾ, ಈ ಹೊತ್ತಿನಲ್ಲಿ ಲಾವ್ರೋವ್ ಅವರನ್ನು ಎಬ್ಬಿಸುವ ಉದ್ದೇಶವಿಲ್ಲ ಎಂಬರ್ಥದ ಉತ್ತರ ಕೊಟ್ಟರು. ಎಂಥ ಸೌಜನ್ಯ! ಸ್ಫೋಟದ ಸದ್ದಿಗೆ ಕೀವ್ ನಗರವೇ ಎದ್ದು ಕುಳಿತರೂ ಚಿಂತೆಯಿಲ್ಲ, ಮಂತ್ರಿಗಳ ನಿದ್ದೆ ಕೆಡಬಾರದು.

ಎರಡು ದಿನ ಬಿಟ್ಟು ರಷ್ಯಾ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯ ಮತಕ್ಕೆ ಬಂತು. ಅಧ್ಯಕ್ಷತೆ ವಹಿಸಿದವರೂ ನೆಬೆಂಜ್ಯಾ ಅವರೇ, ವಿಟೊ ಹಾಕಿದವರೂ ಅವರೇ, ನಿರ್ಣಯ ಅಂಗೀಕಾರವಾಗಲಿಲ್ಲ ಎಂದು ಘೋಷಿಸಿದವರೂ ಅವರೇ. ವ್ಯಾಜ್ಯದ ಕಕ್ಷಿದಾರ ಮತ ಹಾಕಬಾರದೆಂದು ವಿಶ್ವಸಂಸ್ಥೆಯ ಸನ್ನದಿನ 27ನೇ ವಿಧಿಯಲ್ಲೇನೋ ಬರೆದಿದೆ. ಆದರೆ ಅದು ಶಾಂತಿಯುತ ಇತ್ಯರ್ಥದ 6ನೇ ಅಧ್ಯಾಯಕ್ಕೆ ಅನ್ವಯ; ಆಕ್ರಮಣಕಾರನನ್ನು ಬಲವಂತದಿಂದ ತಡೆಯುವ 7ನೇ ಅಧ್ಯಾಯಕ್ಕಲ್ಲ. ಮಾತಿನಲ್ಲಿ ಮುಗಿಯುವ ಜಗಳಕ್ಕೆ ಸಂಕೋಚ, ಗುಂಡು ಹಾರಿದ ಮೇಲೆ ನಿಸ್ಸಂಕೋಚ. ಬರೆದವರು ದಡ್ಡರಲ್ಲ. 2023ರ ಏಪ್ರಿಲ್‌ನಲ್ಲಿ ಪೀಠ ಮತ್ತೆ ರಷ್ಯಾಕ್ಕೆ ಬಂದಾಗ ಲಾವ್ರೋವ್ ಅವರೇ ನಿದ್ದೆ ತಿಳಿದು ಬಂದು ಅಧ್ಯಕ್ಷತೆ ವಹಿಸಿದರು. ಚರ್ಚೆಯ ವಿಷಯ: ವಿಶ್ವಸಂಸ್ಥೆಯ ಸನ್ನದಿನ ತತ್ತ್ವಗಳ ರಕ್ಷಣೆ.

ಕರಾವಳಿಯವರಿಗೆ ಇದು ಹೊಸದೇನಲ್ಲ. ಕೃಷ್ಣ ಸಂಧಾನದ ತಾಳಮದ್ದಲೆಗೆ ಕುಳಿತ ಪ್ರತಿಯೊಬ್ಬರಿಗೂ ಸಂಧಾನ ಮುರಿಯುವುದೆಂದು ಗೊತ್ತು. ಸೂಜಿಮೊನೆಯಷ್ಟು ನೆಲವನ್ನೂ ಕೌರವ ಕೊಡುವುದಿಲ್ಲ. ಆದರೂ ಅರ್ಥಧಾರಿಗಳ ಮಾತು ಕೇಳಲು ಜನ ಬೆಳಗಿನವರೆಗೆ ಕೂರುತ್ತಾರೆ. ಸಂಧಾನಕ್ಕೆ ಹೊರಡುವ ಮುನ್ನವೇ ಕೃಷ್ಣ ತನ್ನ ನಾರಾಯಣಿ ಸೇನೆಯನ್ನು ದುರ್ಯೋಧನನಿಗೆ ಕೊಟ್ಟಾಗಿತ್ತು ಎಂಬುದನ್ನೂ ಮರೆಯಬಾರದು. ಜಗತ್ತಿನ ದೊಡ್ಡ ಶಸ್ತ್ರಾಸ್ತ್ರ ರಫ್ತುದಾರರ ಸಾಲಿನಲ್ಲಿರುವ ಐದೂ ಕಾಯಂ ಸದಸ್ಯರು ಶಾಂತಿಯ ಬಗ್ಗೆ ಗಂಟಲು ಕಟ್ಟಿ ಮಾತನಾಡುವಾಗ ನಾವು ಆಕ್ಷೇಪಿಸುವಂತಿಲ್ಲ, ಪುರಾಣದ ಆಧಾರವಿದೆ. ವ್ಯತ್ಯಾಸವೆಂದರೆ ತಾಳಮದ್ದಲೆಯ ಮಾತಿನಲ್ಲಿ ರಸವಿರುತ್ತದೆ.

ಈ ಸಂಧಾನದ ಹುಚ್ಚು ಹತ್ತಿಸಿದವನೂ ಒಬ್ಬ ರಷ್ಯನ್ನನೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. 1899ರಲ್ಲಿ ಹೇಗ್ ನಗರದಲ್ಲಿ ಮೊದಲ ಶಾಂತಿ ಸಮ್ಮೇಳನ ಕರೆಸಿದ್ದು ತ್ಸಾರ್ ಎರಡನೇ ನಿಕೊಲಸ್. ಬಲೂನಿನಿಂದ ಬಾಂಬ್ ಹಾಕಕೂಡದು ಎಂದು ಅಲ್ಲಿ ನಿಷೇಧವಾಯಿತು, ಐದು ವರ್ಷದ ಮಟ್ಟಿಗೆ. ದೇಹದೊಳಗೆ ಹೊಕ್ಕು ಅರಳುವ ದಮ್‌ದಮ್ ಗುಂಡುಗಳನ್ನೂ ನಿಷೇಧಿಸಿದರು. ಕೋಲ್ಕತ್ತ ಬಳಿಯ ದಮ್‌ದಮ್ ಕಾರ್ಖಾನೆಯಿಂದ ಹೆಸರು ಪಡೆದ ಸರಕು ಅದು. ಬ್ರಿಟನ್ನಿನ ಪ್ರತಿನಿಧಿ ತಕರಾರು ತೆಗೆದರು: ಸಾಮಾನ್ಯ ಗುಂಡಿಗೆ ನಾಗರಿಕ ಸೈನಿಕ ನಿಲ್ಲುತ್ತಾನೆ, ಅನಾಗರಿಕನಾದರೆ ಮೈಮೇಲೇ ಬರುತ್ತಾನೆ ಎಂಬುದು ಅವರ ವಾದದ ಸಾರ. ಅನಾಗರಿಕರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಐದು ವರ್ಷ ತುಂಬುವ ಹೊತ್ತಿಗೆ, 1904ರಲ್ಲಿ, ತ್ಸಾರ್‌ನ ರಷ್ಯಾ ಜಪಾನಿನೊಂದಿಗೆ ಯುದ್ಧದಲ್ಲಿತ್ತು.

ಅದೇ ಹೇಗ್‌ನಲ್ಲಿ ಅಮೆರಿಕದ ಉಕ್ಕಿನ ಕುಬೇರ ಆಂಡ್ರೂ ಕಾರ್ನೆಗಿಯ 15 ಲಕ್ಷ ಡಾಲರ್ ದೇಣಿಗೆಯಿಂದ ಶಾಂತಿ ಅರಮನೆ ಎದ್ದಿತು. ಉದ್ಘಾಟನೆ 1913ರ ಆಗಸ್ಟ್‌ನಲ್ಲಿ. ವರ್ಷ ತುಂಬುವ ಮೊದಲೇ ಮೊದಲನೆಯ ಮಹಾಯುದ್ಧ. ವಾಸ್ತು ನೋಡಿಸಿರಲಿಲ್ಲವೇನೋ. ಅರಮನೆಗೆ ತ್ಸಾರ್ ಉಡುಗೊರೆಯಾಗಿ ಕೊಟ್ಟ, ಮೂರು ಟನ್ ಮೀರಿದ ತೂಕದ ಕಲ್ಲಿನ ಹೂದಾನಿ ಇಂದಿಗೂ ಅಲ್ಲಿದೆ. ಉಕ್ರೇನಿನ ದೂರನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2022ರ ಮಾರ್ಚ್‌ನಲ್ಲಿ ಆಲಿಸಿದ್ದು ಇದೇ ಕಟ್ಟಡದಲ್ಲಿ. ರಷ್ಯಾದ ವಕೀಲರು ವಿಚಾರಣೆಗೆ ಬರಲಿಲ್ಲ. ಆ ದೇಶದ ಪರವಾಗಿ ಹೂದಾನಿಯೊಂದೇ ಹಾಜರಿತ್ತು. ಸೇನಾ ಕಾರ್ಯಾಚರಣೆಯನ್ನು ಕೂಡಲೇ ನಿಲ್ಲಿಸಿ ಎಂದು ನ್ಯಾಯಾಲಯ 13–2ರ ಬಹುಮತದಿಂದ ಆದೇಶಿಸಿತು, ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಬಹುಮತದ ಕಡೆಗಿದ್ದರು. ಆದೇಶ ಜಾರಿ ಮಾಡಿಸಬೇಕಾದವರು ಯಾರು? ಭದ್ರತಾ ಮಂಡಳಿ. ಅಲ್ಲಿ ವಿಟೊ ಯಾರದು? ನೀವೇ ಹೇಳಿ.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಂಧನ ವಾರಂಟ್ ಹೊತ್ತೇ ಪುಟಿನ್ 2024ರ ಸೆಪ್ಟೆಂಬರ್‌ನಲ್ಲಿ ಮಂಗೋಲಿಯಾಕ್ಕೆ ಹೋದರು. ಆ ನ್ಯಾಯಾಲಯದ ಸದಸ್ಯ ರಾಷ್ಟ್ರ ಅದು, ಹಿಡಿದುಕೊಡುವುದು ಅದರ ಕರ್ತವ್ಯ. ಅದು ಗೌರವ ರಕ್ಷೆ ಕೊಟ್ಟು ಕಳಿಸಿತು. ಅಂಥದೇ ವಾರಂಟ್ ಹೊತ್ತ ಇಸ್ರೇಲಿನ ನೆತನ್ಯಾಹು ಹಂಗೇರಿಗೆ ಹೋದಾಗಲಂತೂ ಆ ದೇಶ ನ್ಯಾಯಾಲಯದ ಸದಸ್ಯತ್ವವನ್ನೇ ಬಿಡುವುದಾಗಿ ಸಾರಿತು. ಅತಿಥಿ ಸತ್ಕಾರವೆಂದರೆ ಇದು.

ನಗು ಇಲ್ಲಿಗೆ ಸಾಕು. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿ ಶೆಲ್ ದಾಳಿಗೆ ಸಿಕ್ಕಿ ಸತ್ತ. ಅವನ ದೇಹ ಬೆಂಗಳೂರಿಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಅವನು ಸತ್ತ ಮರುದಿನ ಮಹಾಸಭೆಯಲ್ಲಿ 141 ದೇಶಗಳು ಆಕ್ರಮಣವನ್ನು ಖಂಡಿಸಿದವು. ಐದು ವಿರೋಧಿಸಿದವು. ಮೂವತ್ತೈದು ತಟಸ್ಥ, ಅದರಲ್ಲಿ ನಾವೂ ಒಬ್ಬರು. ಸಾವಿರಾರು ಮಕ್ಕಳನ್ನು ಅಲ್ಲಿಂದ ಸುರಕ್ಷಿತವಾಗಿ ಕರೆತರಬೇಕಿತ್ತು, ಎರಡೂ ಕಡೆ ಮುಖ ಉಳಿಸಿಕೊಳ್ಳಬೇಕಿತ್ತು. ಆ ವಾರದ ಮಟ್ಟಿಗೆ ಈ ಮಾತನ್ನು ಒಪ್ಪುತ್ತೇನೆ. ಅದಾದ ಮೇಲೆ ಎಷ್ಟು ಸಲ ಮತದಾನವಾಯಿತು, ಎಷ್ಟು ಸಲ ನಮ್ಮದು ಅದೇ ‘ಮಾತುಕತೆ ಮತ್ತು ರಾಜತಾಂತ್ರಿಕತೆಯ ಹಾದಿ’? ನಮ್ಮ ಹುಡುಗನನ್ನು ಕೊಂದ ಯುದ್ಧವನ್ನು ಆಕ್ರಮಣ ಎನ್ನಲು ನಮಗೆ ಬಾಯಿ ಬರಲಿಲ್ಲ. ಅಗ್ಗದ ತೈಲ ಬಂತು.

ಇಷ್ಟಾದರೂ ಆ ಮಂಡಳಿಯಲ್ಲಿ ನಮಗೊಂದು ಕಾಯಂ ಕುರ್ಚಿ ಬೇಕೆಂಬ ಹಂಬಲ ಬತ್ತಿಲ್ಲ. ಜಪಾನ್, ಜರ್ಮನಿ, ಬ್ರೆಜಿಲ್ ಜೊತೆ ಸೇರಿ 2005ರಲ್ಲಿ ನಾವು ಮಂಡಿಸಿದ ಕರಡಿನಲ್ಲಿ ಒಂದು ವಿನಯದ ಮಾತಿತ್ತು: ಹೊಸ ಕಾಯಂ ಸದಸ್ಯರು 15 ವರ್ಷಗಳ ನಂತರದ ಪುನರ್ವಿಮರ್ಶೆಯವರೆಗೆ ವಿಟೊ ಬಳಸುವುದಿಲ್ಲ. ಕುರ್ಚಿ ಕೊಟ್ಟೇ ಬಿಡಬಹುದು. ಕೈ ಎತ್ತದೆ ಕೂರುವ ಅಭ್ಯಾಸ ನಮಗೆ ಚೆನ್ನಾಗಿಯೇ ಇದೆ.