ಚಿಪ್ಸ್ ಕಾಯುವ ಕೆಲಸ

ಪಕ್ಕದವರ ಮೊಣಕೈಗೂ ನನ್ನ ಚಿಪ್ಸ್ (ದುಡ್ಡಿನ ಬದಲು ಪಣಕ್ಕೆ ಇಡುವ ಬಿಲ್ಲೆ) ಗುಡ್ಡೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ಶನಿವಾರ ರಾತ್ರಿ, ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಒಂದು ಕ್ಯಾಸಿನೋ ಹಡಗು. ಅಂಕಿ ಬರೆದ ಚಕ್ರ ತಿರುಗಿಸಿ ಆಡುವ ರೂಲೆಟ್ ಮೇಜಿನ ಸುತ್ತ ಜನವೋ ಜನ, ಕಿವಿಗೆ ಬೀಳುವ ಮಾತಿನಲ್ಲಿ ಅರ್ಧಕ್ಕರ್ಧ ಕನ್ನಡ. ಚಕ್ರ ಒಂದೊಂದು ಸಲ ತಿರುಗಿದಾಗಲೂ ಆ ಮೊಣಕೈ ಒಂಚೂರು ಹತ್ತಿರ ಬರುತ್ತಿತ್ತು. ನಾನು ಎಡಗೈ ಅಡ್ಡ ಇಟ್ಟೆ. ಅವರು ನೋಡಿ ನಕ್ಕರು.

"ಯಾಕ್ರೀ ಸರ, ಹಂಗ ತಬ್ಬಿಕೊಂಡು ಕುಂತೀರಿ? ಯಾರೂ ಒಯ್ಯಂಗಿಲ್ಲ ಬಿಡ್ರಿ."

ಒಯ್ಯೋದಿಲ್ಲ ಅಂತ ಕೇಳದೇ ಹೇಳುವವರನ್ನು ಕಂಡರೆ ನನಗೆ ಭಯ ಜಾಸ್ತಿ. ಇನ್ನೊಂದು ಕೈಯನ್ನೂ ತಂದಿಟ್ಟೆ. ಅಲ್ಲಿಗೆ ನನ್ನ ಊಟಕ್ಕೆ ಕಲ್ಲು ಬಿತ್ತು. ಒಳಗೆ ಬರಲು ಕೊಟ್ಟ ದುಡ್ಡಿನಲ್ಲೇ ತಿನ್ನೋದು ಕುಡಿಯೋದು ಎಲ್ಲ ಸೇರಿರುತ್ತದೆ. ಹುಡುಗನೊಬ್ಬ ತಟ್ಟೆ ತುಂಬ ಬಿಸಿ ಪನೀರ್ ಟಿಕ್ಕಾ ಹಿಡಿದು ಬರುತ್ತಾನೆ, "ಸರ್?" ಅನ್ನುತ್ತಾನೆ, ಒಂದು ಕ್ಷಣ ನಿಲ್ಲುತ್ತಾನೆ, ಮುಂದಕ್ಕೆ ಹೋಗುತ್ತಾನೆ. ಒಂದು ಕೈ ಕಾಯಲು, ಒಂದು ಕೈ ಪಣ ಇಡಲು. ಮೂರನೇ ಕೈ ಇರುವುದು ಕ್ಯಾಲೆಂಡರಿನ ದೇವರಿಗೆ ಮಾತ್ರ.

ಕ್ಯಾಸಿನೋದವರು ತಮ್ಮ ಚಿಪ್ಸ್ ಕಾಯುವ ಚಂದ ನೋಡಬೇಕು. ಪಾಳಿ ಬದಲಾಗಿ ಹೊರಡುವಾಗ ಆಟ ನಡೆಸುವ ಡೀಲರ್ ಹುಡುಗಿ ಎರಡೂ ಅಂಗೈ ಸೇರಿಸಿ ಮೆತ್ತಗೆ ಒಂದು ಚಪ್ಪಾಳೆ ತಟ್ಟಿದಳು. ಬೆರಳು ಅಗಲಿಸಿ, ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ತೋರಿಸಿದಳು. ನಮಗಲ್ಲ, ತಲೆ ಮೇಲಿನ ಕ್ಯಾಮೆರಾಕ್ಕೆ. ಏನೂ ಅಡಗಿಸಿಕೊಂಡಿಲ್ಲ, ನೋಡಿಕೊಳ್ಳಿ ಅಂತ. ಚಿಪ್ಸ್ ಕೊಡುವಾಗಲೂ ಸುಮ್ನೆ ನೂಕಿಬಿಡುವುದಿಲ್ಲ, ಮೇಜಿನ ಮೇಲೆ ಹರಡಿ ಎಣಿಕೆ ಕಾಣುವಂತೆ ಮಾಡಿ ಆಮೇಲೆ ನಮ್ಮ ಕಡೆಗೆ ಸರಿಸುತ್ತಾರೆ. ಅಷ್ಟು ವರ್ಷದಿಂದ ಅಲ್ಲೇ ದುಡಿಯುವ ಹುಡುಗಿ ಕೈ ತೋರಿಸಬೇಕು, ನನ್ನ ಪಕ್ಕಕ್ಕೆ ಈಗಷ್ಟೇ ಬಂದು ನಿಂತವರು ತೋರಿಸಬೇಕಿಲ್ಲ. ಇದ್ಯಾವ ನ್ಯಾಯ?

ರೂಲೆಟ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚಿಪ್ಸ್ ಕೊಡುವ ಪದ್ಧತಿ ಇದೆ. ನನ್ನದು ಹಳದಿ, ನಿಮ್ಮದು ನೀಲಿ. ಆ ಮೇಜು ಬಿಟ್ಟರೆ ಅದಕ್ಕೆ ಬೇರೆಲ್ಲೂ ಬೆಲೆಯಿಲ್ಲ, ಹಾಗಾಗಿ ಕದ್ದರೂ ಕಳ್ಳನಿಗೆ ದಕ್ಕುವುದು ಕಷ್ಟ. ತಲೆನೋವು ಇರುವುದು ಬೆಲೆ ಬರೆದ ಚಿಪ್ಸಿನದ್ದು. ನೀವೂ ನಾನೂ 17ರ ಮೇಲೆ ಐನೂರರದ್ದು ಒಂದೊಂದು ಇಟ್ಟು, 17 ಬಿದ್ದು, ಒಂದಕ್ಕೆ 35 ಬರುವ ಹೊತ್ತಿಗೆ ಮೇಲಿದ್ದದ್ದು ಯಾರದ್ದು, ಕೆಳಗಿದ್ದದ್ದು ಯಾರದ್ದು ಅಂತ ಜಗಳ ಶುರು. ದಾಳ ಆಡುವ ಕ್ರ್ಯಾಪ್ಸ್ ಮೇಜಿನಲ್ಲಿ ಇನ್ನೂ ಕಷ್ಟ. ಅಲ್ಲಿ ಚಿಪ್ಸ್ ಇಡುವುದು ಮೇಜಿನ ಅಂಚಿನಲ್ಲಿ ಕೊರೆದ ತೋಡಿನಲ್ಲಿ, ಆಟಗಾರ ದಾಳ ಎಸೆಯಲು ಬಗ್ಗಿದರೆ ಆ ಕಡೆ ನಿಗಾ ತಪ್ಪಿತು. ಪಳಗಿದವರು ದೊಡ್ಡ ಬೆಲೆಯವನ್ನು ಸಾಲಿನ ನಡುವೆ ಇಟ್ಟು ಎರಡೂ ತುದಿಗೆ ಚಿಲ್ಲರೆ ನಿಲ್ಲಿಸುತ್ತಾರೆ. ಪಕ್ಕದವನ ಬೆರಳು ಬಂದರೂ ಸಿಗುವುದು ಚಿಲ್ಲರೆಯೇ. ನಮ್ಮ ಹಳ್ಳಿ ಕಡೆ ಇಸ್ಪೀಟ್ ಆಡುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ನೋಟು ತೊಡೆ ಕೆಳಗೆ. ಅಲ್ಲಿಂದ ಅದನ್ನು ಎಬ್ಬಿಸಲು ಪೊಲೀಸರೇ ಬರಬೇಕು.

ಕ್ಯಾಸಿನೋನೇ ದೊಡ್ಡ ಕಳ್ಳ, ಪಕ್ಕದವರನ್ನು ಯಾಕೆ ಬೈತೀಯ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸವಕಲು ಮಾತು. ಒಂದೇ ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ ಕ್ಯಾಸಿನೋದವರಿಗೆ ಉಳಿಯುವುದು ನೂರಕ್ಕೆ ಸರಾಸರಿ 2.7. ಪಕ್ಕದವನು ಎತ್ತಿದರೆ ನೂರಕ್ಕೆ ನೂರು. ಅದೂ ಚಕ್ರ ತಿರುಗಿಸುವ ಸೌಜನ್ಯವೂ ಇಲ್ಲದೆ.

ಕಳ್ಳತನ ಅಂದರೆ ಅಮೆರಿಕದ ಲಾಸ್ ವೇಗಸ್‌ನ ಬೆಲಾಜಿಯೋ ಕ್ಯಾಸಿನೋದಲ್ಲಿ ಆದದ್ದು. 2010ರ ಡಿಸೆಂಬರ್ 14, ಇನ್ನೂ ಬೆಳಗಾಗಿರಲಿಲ್ಲ. ಹೆಲ್ಮೆಟ್ ಹಾಕಿದ ಒಬ್ಬ ಬೈಕಿನಲ್ಲಿ ಬಂದ, ಸೀದಾ ಕ್ರ್ಯಾಪ್ಸ್ ಮೇಜಿಗೆ ಹೋಗಿ ಪಿಸ್ತೂಲು ತೋರಿಸಿದ, 15 ಲಕ್ಷ ಡಾಲರ್ ಬೆಲೆಯ ಚಿಪ್ಸ್ ಬಾಚಿಕೊಂಡು ಅದೇ ಬೈಕಿನಲ್ಲಿ ಹೋದ. ಹೆಲ್ಮೆಟ್ ತೆಗೆಯಲೇ ಇಲ್ಲ. ಅವನಪ್ಪ ಅದೇ ಊರಿನ ನ್ಯಾಯಾಧೀಶ, ಅದು ಗೊತ್ತಾದದ್ದು ಆಮೇಲೆ. ಇಲ್ಲಿಯವರೆಗೆ ಗಂಡೆದೆಯ ಕೆಲಸ ಅನ್ನಿ. ಮುಂದೆ ಏನು ಮಾಡಬೇಕು ಅನ್ನುವುದನ್ನೇ ಮಹಾಶಯ ಯೋಚಿಸಿರಲಿಲ್ಲ. ಬಾಚಿದ್ದರಲ್ಲಿ 25,000 ಡಾಲರಿನ ಚಿಪ್ಸ್ ಇದ್ದವು. ಅದನ್ನು ಹಿಡಿದು ಕಿರಾಣಿ ಅಂಗಡಿಗೆ ಹೋಗಲಾಗುವುದಿಲ್ಲ. ಬೇರೆ ಕ್ಯಾಸಿನೋಗೆ ಹೋದರೂ ಬೆಲಾಜಿಯೋ ಚಿಪ್ಸ್ ಯಾಕಪ್ಪ ಇಲ್ಲಿ ಅನ್ನುತ್ತಾರೆ. ಅದಕ್ಕೆ ಬೆಲೆಯಿರುವುದು ಕದ್ದ ಮನೆಯಲ್ಲೇ. ಅವನು ಅಲ್ಲಿಗೇ ವಾಪಸ್ ಬಂದ. ಬಂದು ಆಡಿದ. ಆಡಿ ಸೋತ! ಅಷ್ಟರಲ್ಲಿ ಕ್ಯಾಸಿನೋದವರು 25,000ದ ಹಳೇ ಚಿಪ್ಸ್ 2011ರ ಏಪ್ರಿಲ್ ನಂತರ ನಡೆಯುವುದಿಲ್ಲ ಅಂತ ಸಾರಿಬಿಟ್ಟರು. ಪಾಪ, ದಿನ ಹತ್ತಿರ ಬಂತಲ್ಲ ಅಂತ ಗಾಬರಿಯಾಗಿ ಗಿರಾಕಿ ಹುಡುಕತೊಡಗಿದ. ಪೋಕರ್ ಆಡುವವರಿಗೆ ಚಿಪ್ಸಿನ ಫೋಟೋ ಕಳಿಸಿ, ಬೈಕ್ ದರೋಡೆಕೋರ ಅಂತ ತಾನೇ ಸಹಿ ಬೇರೆ ಹಾಕಿದ. ಕೊಳ್ಳಲು ಬಂದ ಗಿರಾಕಿ ಮಫ್ತಿಯಲ್ಲಿದ್ದ ಪೊಲೀಸ್. ಫೆಬ್ರವರಿಯಲ್ಲಿ ಸಿಕ್ಕಿಬಿದ್ದ, ಅದೂ ಬೆಲಾಜಿಯೋ ಒಳಗೇ. ಎಲ್ಲಿ ಕದ್ದನೋ ಅಲ್ಲೇ ಉಂಡು, ಅಲ್ಲೇ ಆಡಿ, ಅಲ್ಲೇ ಕೋಳ ಹಾಕಿಸಿಕೊಂಡ. ಈ ಕಥೆಯನ್ನು ನಾನು ಸಿಕ್ಕ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಮನೆಯಲ್ಲಿ ಈಗ ಬೆಲಾಜಿಯೋ ಅಂದ ಕೂಡಲೇ ಎದ್ದು ಹೋಗುತ್ತಾರೆ.

ಚಾಲ್ತಿಯಲ್ಲಿರುವ ಚಿಪ್ಸನ್ನು ಹಾಗೆ ರದ್ದು ಮಾಡಬಹುದಾ ಅಂತ ನನ್ನ ತಲೆಗೆ ಹುಳ ಹೊಕ್ಕಿತು. ಮಾಡಬಹುದು. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ನಿಯಮದ ಪ್ರಕಾರ ಚಿಪ್ಸ್ ಆಟಗಾರನ ಸ್ವತ್ತೇ ಅಲ್ಲ, ಅದು ಕ್ಯಾಸಿನೋದ್ದು. ಕ್ಯಾಸಿನೋ ನಮಗೆ ಇಷ್ಟು ದುಡ್ಡು ಕೊಡಬೇಕಿದೆ ಅನ್ನುವುದಕ್ಕೆ ಒಂದು ಗುರುತು, ಅಷ್ಟೇ. ಅಂದರೆ ಪನೀರ್ ಟಿಕ್ಕಾ ಬಿಟ್ಟು, ಎರಡು ಕೈ ಅಡ್ಡ ಇಟ್ಟು, ಬೆನ್ನು ಹಿಡಿದುಕೊಳ್ಳುವವರೆಗೆ ಜನ ಕಾಯುವುದು ಪರರ ಆಸ್ತಿಯನ್ನು! ಹಾಗಾದರೆ ಪಕ್ಕದವನು ಅದನ್ನು ಎತ್ತಿದರೆ ಕಳುವಾದದ್ದು ಯಾರದ್ದು?

ನನಗೊಬ್ಬ ವಕೀಲ ಗೆಳೆಯನಿದ್ದಾನೆ. ಅವನ ಹತ್ತಿರ ಇದನ್ನೆಲ್ಲ ಬಿಡಿಸಿ ಹೇಳಿದೆ. ಗೋವಾದಲ್ಲಿ ನೆವಾಡಾ ಕಾನೂನು ಯಾಕೆ ಬಂತು ಅಂದ. ಬರಲಿ ಬಿಡಲಿ, ತತ್ವದ ಪ್ರಶ್ನೆ ಅಂದೆ.

"ಇರಲಿ, ನಿಂದು ಎಷ್ಟು ಹೋಯ್ತು?"

"ಐನೂರರದ್ದು ಒಂದು ಹೋಗಿರಬಹುದು."

"ಇರಬಹುದು ಅಂದ್ರೆ? ಮೊದಲು ಎಷ್ಟಿತ್ತು?"

ವಕೀಲರ ಬುದ್ಧಿಯೇ ಇಷ್ಟು. ಲೆಕ್ಕ ಇಟ್ಟುಕೊಂಡು ಬದುಕುವವನು ಅಂಥ ಜಾಗಕ್ಕೆ ಯಾಕೆ ಹೋಗುತ್ತಾನೆ ಮಾರಾಯ ಅಂತ ಜೋರಾಗಿಯೇ ಕೇಳಿದೆ.